ಮೇಷ್ಟ್ರ ಲೈಬ್ರರಿಯಲ್ಲಿ ಕಲಿತ ವೆಬ್ ಡೆವಲಪ್‌ಮೆಂಟ್

(ಪದವಿ ಕಾಲೇಜೊಂದರಲ್ಲಿ ಬಿಸಿಎ ವಿದ್ಯಾರ್ಥಿಗಳ ಜೊತೆ ಆಡಿದ ಮಾತುಗಳನ್ನು ಆಮೇಲೆ ಕೂತು ಬರೆದದ್ದು. ಕೊನೆಯಲ್ಲಿ ನಡೆದ ಪ್ರಶ್ನೋತ್ತರದ ಒಂದು ತುಣುಕನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಳಗೆ ಬರುವಾಗ ಕಾರಿಡಾರಿನಲ್ಲಿ ನಿಮ್ಮಲ್ಲಿ ನಾಲ್ಕೈದು ಜನರನ್ನು ಮಾತಾಡಿಸಿದೆ. "ಏನೇನು ಪ್ರಾಜೆಕ್ಟ್ ಮಾಡಿದ್ದೀರಿ?" ಅಂತ ಕೇಳಿದೆ. ಒಬ್ಬರು ಟು-ಡೂ ಲಿಸ್ಟ್ ಅಂದರು. ಒಬ್ಬರು ಹವಾಮಾನ ತೋರಿಸುವ ಆ್ಯಪ್ ಅಂದರು. ಇಬ್ಬರು ನೆಟ್‌ಫ್ಲಿಕ್ಸ್ ತರಹದ್ದೇ ಒಂದು ಪುಟ ಮಾಡಿದ್ದರು. ತಪ್ಪೇನಿಲ್ಲ, ನಾನೂ ಅವೇ ಮೂರನ್ನು ಮಾಡಿದವಳು. ಆಮೇಲೆ ಇನ್ನೊಂದು ಪ್ರಶ್ನೆ ಕೇಳಿದೆ: "ಅದನ್ನ ಯಾರು ಬಳಸ್ತಿದ್ದಾರೆ?" ಅಲ್ಲಿದ್ದ ಒಬ್ಬ ಹುಡುಗ ನಿಜ ಹೇಳಿದ. "ನಾನೇ ಮೇಡಂ. ಎರಡು ದಿನ ಬಳಸಿದೆ."

ಇವತ್ತು ನಾನು ಮಾತಾಡಬೇಕು ಅಂತ ಬಂದಿರುವುದು ಆ ಎರಡನೇ ಪ್ರಶ್ನೆಯ ಬಗ್ಗೆ. ಪೋರ್ಟ್‌ಫೋಲಿಯೊದಲ್ಲಿ ಎಷ್ಟು ಪ್ರಾಜೆಕ್ಟ್ ಇರಬೇಕು, ವೆಬ್ ಪುಟ ಕಟ್ಟುವ ಸಾಧನಗಳಲ್ಲಿ ರಿಯಾಕ್ಟ್ ಕಲಿಯಬೇಕಾ ಆ್ಯಂಗ್ಯುಲರ್ ಕಲಿಯಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಯಾರಿಗೆ ಮಾಡಬೇಕು ಅಂತ ಕೇಳುವವರು ಕಡಿಮೆ. ನನಗೆ ಕೆಲಸ ಕಲಿಸಿದ್ದು ಮಾತ್ರ ಅದೊಂದೇ ಪ್ರಶ್ನೆ.

2018ರ ಮಾತು. ಆಗ ನಾನು ಎಂಟು ತಿಂಗಳಿಂದ ಯೂಟ್ಯೂಬ್ ವಿಡಿಯೊ ನೋಡಿ ವೆಬ್ ಡೆವಲಪ್‌ಮೆಂಟ್ ಕಲಿಯುತ್ತಿದ್ದೆ. ವಿಡಿಯೊದಲ್ಲಿ ಅವರು ಟೈಪ್ ಮಾಡಿದ್ದನ್ನು ನಾನೂ ಟೈಪ್ ಮಾಡುತ್ತಿದ್ದೆ. ಅವರದು ಓಡುತ್ತಿತ್ತು, ನನ್ನದೂ ಓಡುತ್ತಿತ್ತು. ಮನಸ್ಸಿಗೆ ಖುಷಿಯಾಗುತ್ತಿತ್ತು. ಒಂದು ಸಂಜೆ ನೆಟ್ ಇರಲಿಲ್ಲ. ಸುಮ್ನೆ ಒಂದು ಖಾಲಿ ಫೋಲ್ಡರ್ ತೆರೆದು, ನಾನೇ ಏನಾದರೂ ಮಾಡೋಣ ಅಂತ ಕೂತೆ. ಎಡಿಟರ್ ತಾನಾಗಿಯೇ ಕೊಡುವ, ವೆಬ್ ಪುಟ ಬರೆಯುವ ಎಚ್‌ಟಿಎಂಎಲ್ ಭಾಷೆಯ ಚೌಕಟ್ಟು ಬಂತು. ಅದರ ಕೆಳಗೆ ಏನು ಬರೆಯಬೇಕು ಅಂತ ಅರ್ಧ ಗಂಟೆ ಕೂತರೂ ಹೊಳೆಯಲಿಲ್ಲ.

ಟ್ಯಾಗುಗಳು ಗೊತ್ತಿದ್ದವು. ಪುಟದಿಂದ ಕೆಲಸ ಮಾಡಿಸುವ ಜಾವಾಸ್ಕ್ರಿಪ್ಟ್ ಭಾಷೆಯ ಲೂಪು, ಫಂಕ್ಷನ್ನು, ಎಲ್ಲ ಗೊತ್ತಿದ್ದವು. ಗೊತ್ತಿಲ್ಲದೇ ಇದ್ದದ್ದು ನಿರ್ಧಾರ ಮಾಡುವುದು. ಪುಟದಲ್ಲಿ ಮೊದಲು ಏನು ಕಾಣಬೇಕು, ಮಾಹಿತಿ ಎಲ್ಲಿ ಇಡಬೇಕು, ತಪ್ಪು ಟೈಪ್ ಮಾಡಿದರೆ ಏನಾಗಬೇಕು, ಇವನ್ನೆಲ್ಲ ಅಷ್ಟು ದಿನ ವಿಡಿಯೊದವರೇ ನಿರ್ಧಾರ ಮಾಡಿ ಕೊಡುತ್ತಿದ್ದರು. ನಾನು ಬರೀ ಬೆರಳು ಆಡಿಸುತ್ತಿದ್ದೆ.

ನಮ್ಮೂರಲ್ಲಿ ಒಬ್ಬರು ಮೇಷ್ಟ್ರಿದ್ದಾರೆ. ಹೈಸ್ಕೂಲಿನಿಂದ ನಿವೃತ್ತರಾದ ಮೇಲೆ ತಮ್ಮ ಮನೆಯ ಮುಂದಿನ ಕೋಣೆಯನ್ನೇ ಲೈಬ್ರರಿ ಮಾಡಿದ್ದಾರೆ. ಏಳು ಬೀರು, ಸುಮಾರು 1,800 ಪುಸ್ತಕ. ಸಂಜೆ ಐದರಿಂದ ಎಂಟರವರೆಗೆ ಬಾಗಿಲು ತೆಗೆದಿರುತ್ತದೆ. ಅಲ್ಲಿ ಪುಸ್ತಕ ವಾಪಸ್ ಕೊಡಲು ಹೋದಾಗ ಮೇಷ್ಟ್ರು ಒಬ್ಬ ಹುಡುಗನಿಗೆ ಪುಸ್ತಕ ಹುಡುಕಿ ಕೊಡುತ್ತಿದ್ದರು. ಮೊಣಕಾಲು ನೋವು ಅವರಿಗೆ. ಮೂರನೇ ಬೀರುವಿನ ಕೆಳಗಿನ ಸಾಲು ನೋಡಿದರು, ಎದ್ದು ಐದನೇ ಬೀರು ನೋಡಿದರು, ಮತ್ತೆ ಬಂದು ರಿಜಿಸ್ಟರ್ ತಿರುವಿದರು. "ಕಂಪ್ಯೂಟರ್ ಓದ್ತಿದ್ದೀಯಲ್ಲಮ್ಮ, ಇದಕ್ಕೇನಾದರೂ ಮಾಡೋಕಾಗುತ್ತಾ?" ಅಂತ ಕೇಳಿದರು. ನಾನು ಆಗುತ್ತೆ ಮೇಷ್ಟ್ರೇ ಅಂದೆ. ಹೇಗೆ ಅಂತ ನನಗೆ ಗೊತ್ತಿರಲಿಲ್ಲ.

ಎರಡು ವಾರದಲ್ಲಿ ಮುಗಿಯುತ್ತೆ ಅಂದುಕೊಂಡಿದ್ದೆ, ಐದು ತಿಂಗಳು ಹಿಡಿಯಿತು. ಆ ಐದು ತಿಂಗಳಲ್ಲಿ ಏನೇನಾಯಿತು ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಯಾಕೆಂದರೆ ಇದರಲ್ಲಿ ಒಂದೂ ನಾನು ನೋಡಿದ ವಿಡಿಯೊಗಳಲ್ಲಿ ಇರಲಿಲ್ಲ.

ಪುಸ್ತಕಗಳ ಪಟ್ಟಿ ಕಂಪ್ಯೂಟರಿನಲ್ಲೇ ಇದೆ ಅಂದರು ಮೇಷ್ಟ್ರು. ಯಾರೋ ಹಳೇ ವಿದ್ಯಾರ್ಥಿ ಎಕ್ಸೆಲ್‌ನಲ್ಲಿ ಟೈಪ್ ಮಾಡಿ ಕೊಟ್ಟಿದ್ದನಂತೆ. ಅರ್ಧ ಕೆಲಸ ಮುಗಿಯಿತು ಅಂತ ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಬಂದೆ. ಅದನ್ನು ವೆಬ್ ಪುಟಕ್ಕೆ ತಂದಾಗ ಒಂದಕ್ಷರ ಕನ್ನಡ ಇಲ್ಲ. "ಕನ್ನಡ" ಅನ್ನುವ ಪದ ಇರಬೇಕಾದ ಕಡೆ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಬ್ರಿಟನ್ನಿನ ಪೌಂಡ್ ಗುರುತು, ಮತ್ತೆ ಅದೇ ಎ. 1,800 ಸಾಲೂ ಹೀಗೇ.

ನಿಮ್ಮಲ್ಲಿ ಸೈಬರ್ ಸೆಂಟರಿನಲ್ಲಿ ಡಿಟಿಪಿ ಮಾಡಿದವರಿಗೆ ಇದು ಏನು ಅಂತ ಆಗಲೇ ಗೊತ್ತಾಗಿರುತ್ತದೆ. ನುಡಿ ಅನ್ನುವ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು ಅದು. ಆ ಫಾಂಟುಗಳಲ್ಲಿ ಫೈಲಿನ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳೇ. ಅವುಗಳ ಮೇಲೆ ಕನ್ನಡದ ಚಿತ್ರ ಕೂರಿಸಿರುತ್ತಾರೆ. ಫಾಂಟ್ ತೆಗೆದರೆ ಕನ್ನಡವೂ ಹೋಗುತ್ತದೆ. ಯೂನಿಕೋಡಿನಲ್ಲಿ ಹಾಗಲ್ಲ. ಅಲ್ಲಿ ಕ ಅನ್ನುವುದಕ್ಕೇ ಸ್ವಂತ ಸಂಖ್ಯೆ ಇದೆ, ಯಾವ ಫಾಂಟ್ ಹಾಕಿದರೂ ಅದು ಕ ಆಗಿಯೇ ಇರುತ್ತದೆ. ಕನ್ನಡ 1991ರಿಂದಲೇ ಯೂನಿಕೋಡಿನಲ್ಲಿದೆ. ಆದರೂ ನಮ್ಮ ಆಫೀಸುಗಳಲ್ಲಿ, ಪ್ರೆಸ್ಸುಗಳಲ್ಲಿ, ಮೇಷ್ಟ್ರಂಥವರ ಪೆನ್‌ಡ್ರೈವ್‌ಗಳಲ್ಲಿ ಹಳೇ ಫಾಂಟಿನ ಫೈಲುಗಳು ರಾಶಿ ರಾಶಿ ಬಿದ್ದಿವೆ.

ಅಕ್ಷರ ಅಂದರೆ ಕಂಪ್ಯೂಟರಿಗೆ ಏನು ಅಂತ ನನಗೆ ಮೊದಲ ಸಲ ಅರ್ಥವಾದದ್ದು ಅವತ್ತು. ಕ್ಲಾಸಿನಲ್ಲಿ ಯೂನಿಕೋಡ್ ಬಗ್ಗೆ ಎರಡು ಅಂಕದ ಉತ್ತರ ಬರೆದಿದ್ದೆ. ಯೂನಿಕೋಡ್ ಇಲ್ಲದಿದ್ದರೆ ಏನಾಗುತ್ತೆ ಅಂತ ಈಗ ಕಣ್ಣಿಗೆ ಕಂಡಿತು. ನುಡಿಯಿಂದ ಯೂನಿಕೋಡಿಗೆ ಬದಲಿಸುವ ಪ್ರೋಗ್ರಾಮುಗಳನ್ನು ಕನ್ನಡದ ಹುಡುಗರೇ ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಅಂಥ ಒಂದನ್ನು ಬಳಸಿದೆ. ಅದರ ಕೋಡ್ ತೆರೆದು ಓದಿದೆ ಕೂಡ. ಇನ್ನೊಬ್ಬರು ಬರೆದ ಕೋಡನ್ನು ಬೇಕು ಅಂತ ಕೂತು ಓದಿದ್ದು ಅದೇ ಮೊದಲು.

ಪಟ್ಟಿಯನ್ನು ಜೇಸನ್ ಫೈಲ್ ಮಾಡಿದೆ, ಅಂದರೆ ಪ್ರೋಗ್ರಾಮು ಸುಲಭವಾಗಿ ಓದುವಂಥ ಫೈಲು. ಪುಟದಿಂದ ಅದನ್ನು ತರಿಸಲು ಜಾವಾಸ್ಕ್ರಿಪ್ಟಿನ ಫೆಚ್ ಅನ್ನುವ ಆಜ್ಞೆ ಬರೆದೆ. ಫೈಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ ಬ್ರೌಸರಿನಲ್ಲಿ ತೆರೆದರೆ ಪುಟ ಖಾಲಿ, ಬ್ರೌಸರ್ ತಪ್ಪುಗಳನ್ನು ತೋರಿಸುವ ಕನ್ಸೋಲಿನಲ್ಲಿ ಕೆಂಪು ಅಕ್ಷರ. ಡಿಸ್ಕಿನಿಂದ ನೇರವಾಗಿ ತೆರೆದ ಪುಟಕ್ಕೆ ಪಕ್ಕದ ಫೈಲನ್ನು ಹೀಗೆ ಓದಲು ಬ್ರೌಸರ್ ಬಿಡುವುದಿಲ್ಲ, ಸುರಕ್ಷತೆಯ ಕಾರಣಕ್ಕೆ. ಒಂದು ಪುಟ್ಟ ಸರ್ವರ್, ಅಂದರೆ ಕೇಳಿದ ಫೈಲನ್ನು ಬ್ರೌಸರಿಗೆ ಕೊಡುವ ಪ್ರೋಗ್ರಾಮು, ನಮ್ಮ ಲ್ಯಾಪ್‌ಟಾಪಿನಲ್ಲೇ ಓಡಿಸಬೇಕು. ಇದು ಗೊತ್ತಾಗಲು ನನಗೆ ಎರಡು ದಿನ ಬೇಕಾಯಿತು. ಆದರೆ ಸರ್ವರ್ ಅಂದರೆ ಏನು, ಬ್ರೌಸರ್ ಯಾರನ್ನು ಏನು ಕೇಳುತ್ತದೆ ಅನ್ನುವುದು ಆ ಎರಡು ದಿನದಲ್ಲಿ ಎಷ್ಟು ಚೆನ್ನಾಗಿ ತಲೆಗೆ ಹೋಯಿತೆಂದರೆ, ಆಮೇಲೆ ಯಾವ ಪಾಠವೂ ಬೇಕಾಗಲಿಲ್ಲ. ಕನ್ಸೋಲಿನ ಕೆಂಪು ಅಕ್ಷರ ಕಂಡರೆ ಹೆದರಿ ಮುಚ್ಚಬೇಡಿ. ಪೂರ್ತಿ ಓದಿ. ಅದರಲ್ಲಿ ಫೈಲಿನ ಹೆಸರು, ಸಾಲಿನ ಸಂಖ್ಯೆ ಎಲ್ಲ ಇರುತ್ತದೆ.

ಕೋಡ್ ಇಡುವ ತಾಣ ಗಿಟ್‌ಹಬ್. ಪುಟವನ್ನು ಎಲ್ಲರೂ ನೋಡಲಿ ಅಂತ ಅದರ ಗಿಟ್‌ಹಬ್ ಪೇಜಸ್‌ನಲ್ಲಿ ಹಾಕಿದಾಗ ಮತ್ತೆ ಖಾಲಿ. ನನ್ನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಫೈಲಿನ ಹೆಸರು ದೊಡ್ಡಕ್ಷರದಲ್ಲಿದ್ದರೂ ಚಿಕ್ಕಕ್ಷರದಲ್ಲಿದ್ದರೂ ನಡೆಯುತ್ತಿತ್ತು. ಅಲ್ಲಿ ನಡೆಯುವುದಿಲ್ಲ. ಒಂದು ಬಿ ಅಕ್ಷರ ಸರಿ ಮಾಡಿದ ಮೇಲೆ ಬಂತು. ಇದನ್ನು ಬರೆದಿಟ್ಟುಕೊಳ್ಳಿ, ನಿಮ್ಮಲ್ಲಿ ಅರ್ಧ ಜನಕ್ಕೆ ಆಗೇ ಆಗುತ್ತದೆ.

ಈಗ ಹುಡುಕುವ ವಿಷಯಕ್ಕೆ ಬರುತ್ತೇನೆ. ನನಗೆ ತುಂಬ ಇಷ್ಟವಾದ ಭಾಗ ಇದು.

ಸರ್ಚ್ ಬಾಕ್ಸ್ ಮಾಡುವುದು ಸುಲಭ. ಟೈಪ್ ಮಾಡಿದ ಪದ ಪುಸ್ತಕದ ಹೆಸರಿನಲ್ಲಿ ಇದೆಯಾ ಅಂತ ನೋಡಿ, ಇದ್ದರೆ ತೋರಿಸಿದರಾಯಿತು. ಮೂರು ಸಾಲು ಕೋಡ್. ಬರೆದೆ, ಮೇಷ್ಟ್ರ ಮುಂದೆ ಇಟ್ಟೆ. ಅವರು ತಮ್ಮ ಫೋನಿನಲ್ಲಿ "ಕೊಡಗು" ಅಂತ ಬರೆದರು. ಏನೂ ಬರಲಿಲ್ಲ. "ಇದೆಯಲ್ಲಮ್ಮ, ನಾಲ್ಕನೇ ಬೀರುವಿನಲ್ಲಿ ಎರಡು ಪುಸ್ತಕ ಇದೆ" ಅಂದರು. ಪಟ್ಟಿ ತೆರೆದು ನೋಡಿದೆ. ಇದೆ. ಕಣ್ಣಿಗೆ ಎರಡೂ ಒಂದೇ "ಕೊಡಗು". ಕಂಪ್ಯೂಟರ್ ಬೇರೆ ಬೇರೆ ಅನ್ನುತ್ತಿದೆ.

ರಾತ್ರಿ ಕೂತು ಒಂದೊಂದೇ ಅಕ್ಷರದ ಸಂಖ್ಯೆ ಮುದ್ರಿಸಿ ನೋಡಿದೆ. "ಕೊ" ಅನ್ನುವುದನ್ನು ಯೂನಿಕೋಡಿನಲ್ಲಿ ಎರಡು ರೀತಿ ಬರೆಯಬಹುದು. ಕ ಆದ ಮೇಲೆ ಒಕಾರದ ಗುರುತು, ಇದು ಒಂದು. ಕ, ಆಮೇಲೆ ಎಕಾರದ ಗುರುತು, ಆಮೇಲೆ ಊಕಾರದ ಗುರುತು, ಇದು ಇನ್ನೊಂದು. ತೆರೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಫೋನಿನ ಕೀಬೋರ್ಡ್ ಮೊದಲನೆಯದನ್ನು ಕಳಿಸುತ್ತಿತ್ತು. ಫಾಂಟ್ ಬದಲಿಸುವಾಗ ನನ್ನ ಪಟ್ಟಿಯಲ್ಲಿ ಕೆಲವು ಕಡೆ ಎರಡನೆಯದು ಉಳಿದುಬಿಟ್ಟಿತ್ತು. ಇದಕ್ಕೆ ಜಾವಾಸ್ಕ್ರಿಪ್ಟಿನಲ್ಲೇ ಮದ್ದಿದೆ, ನಾರ್ಮಲೈಸ್ ಅಂತ. ಎರಡೂ ಕಡೆ ಅದನ್ನು ಹಚ್ಚಿದರೆ ಒಂದೇ ರೂಪಕ್ಕೆ ಬರುತ್ತವೆ. ಒಂದು ಸಾಲಿನ ಕೆಲಸ. ಆದರೆ ಆ ಒಂದು ಸಾಲು ಯಾಕೆ ಬೇಕು ಅಂತ ತಿಳಿಯಲು ಮೇಷ್ಟ್ರು ತಮ್ಮ ಫೋನಿನಲ್ಲಿ ಕೊಡಗು ಅಂತ ಬರೆಯಬೇಕಾಯಿತು. ನಾನೊಬ್ಬಳೇ ಪರೀಕ್ಷೆ ಮಾಡಿದ್ದರೆ ನನ್ನ ಪಟ್ಟಿಯಿಂದಲೇ ಪದ ಕಾಪಿ ಮಾಡಿ ಹಾಕುತ್ತಿದ್ದೆ, ಎಲ್ಲ ಸರಿಯಾಗಿದೆ ಅಂದುಕೊಳ್ಳುತ್ತಿದ್ದೆ.

ಮಾರನೇ ವಾರ "ರಾಜ್‌ಕುಮಾರ್" ಸಿಗಲಿಲ್ಲ. ಆ ಹೆಸರು ಬರೆಯುವಾಗ ಜ್ ಮತ್ತು ಕ ಒತ್ತಕ್ಷರವಾಗಿ ಅಂಟಿಕೊಳ್ಳದ ಹಾಗೆ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಹಾಕುತ್ತೇವೆ. ಅದು ಒಂದು ಕಡೆ ಇತ್ತು, ಇನ್ನೊಂದು ಕಡೆ ಇರಲಿಲ್ಲ. ನಾರ್ಮಲೈಸ್ ಇದನ್ನು ಮುಟ್ಟುವುದಿಲ್ಲ. ಹುಡುಕುವ ಮೊದಲು ನಾವೇ ಅದನ್ನು ತೆಗೆದುಹಾಕಬೇಕು.

ಆಮೇಲೆ ಲೇಖಕರ ಹೆಸರುಗಳು. ರಿಜಿಸ್ಟರಿನಲ್ಲಿ ದ.ರಾ. ಬೇಂದ್ರೆ ಅಂತ ಒಂದು ಕಡೆ, ಬೇಂದ್ರೆ ದ ರಾ ಅಂತ ಇನ್ನೊಂದು ಕಡೆ, ಅಂಬಿಕಾತನಯದತ್ತ ಅಂತ ಮತ್ತೊಂದು ಕಡೆ. ಮೂರೂ ಒಬ್ಬರೇ. ಕುವೆಂಪು, ಕೆ.ವಿ. ಪುಟ್ಟಪ್ಪ, ಇದೂ ಹಾಗೇ. ಬೀಚಿಯವರ ಹೆಸರಂತೂ ಇನ್ನೂ ವಿಶೇಷ. ಅವರು ತಮ್ಮ ಹೆಸರಿನ ಮೊದಲಕ್ಷರವನ್ನು ಕನ್ನಡದಲ್ಲಿ, ಉಳಿದದ್ದನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯುತ್ತಿದ್ದರು. ಪುಸ್ತಕದ ಮೇಲೆ ಇರುವುದೂ ಹಾಗೇ. ಹುಡುಕುವವರು ಪೂರ್ತಿ ಕನ್ನಡದಲ್ಲಿ ಬರೆಯುತ್ತಾರೆ, ಸಿಗುವುದಿಲ್ಲ.

ಇದಕ್ಕೆ ಯಾವ ಕೋಡಿನ ಮದ್ದೂ ಇಲ್ಲ. ಮೇಷ್ಟ್ರೂ ನಾನೂ ಮೂರು ಭಾನುವಾರ ಕೂತು ಲೇಖಕರದೇ ಒಂದು ಪ್ರತ್ಯೇಕ ಪಟ್ಟಿ ಮಾಡಿದೆವು. ಒಬ್ಬೊಬ್ಬರಿಗೂ ಒಂದು ನಂಬರ್, ಅದರ ಎದುರು ಅವರ ಎಲ್ಲ ಹೆಸರುಗಳು. ಪುಸ್ತಕದ ಸಾಲಿನಲ್ಲಿ ಹೆಸರಿನ ಬದಲು ಆ ನಂಬರ್. ಒಂದು ತಿಂಗಳ ನಂತರ ಕಾಲೇಜಿನಲ್ಲಿ ಡೇಟಾಬೇಸ್ ಪಾಠ ಶುರುವಾಯಿತು. ಪಟ್ಟಿಯಲ್ಲಿ ಒಬ್ಬೊಬ್ಬರನ್ನು ಗುರುತಿಸುವ ನಂಬರ್ ಪ್ರೈಮರಿ ಕೀ, ಅದೇ ನಂಬರ್ ಇನ್ನೊಂದು ಪಟ್ಟಿಯಲ್ಲಿ ಬಂದರೆ ಫಾರಿನ್ ಕೀ ಅಂತ ಬೋರ್ಡಿನ ಮೇಲೆ ಬರೆದರು. ಅಯ್ಯೋ, ಇದನ್ನೇ ಅಲ್ವಾ ನಾವು ಮೇಷ್ಟ್ರ ಮನೆಯಲ್ಲಿ ಮಾಡಿದ್ದು ಅನಿಸಿತು.

ಇನ್ನೊಂದು ಸಣ್ಣ ವಿಷಯ. ಪುಸ್ತಕದ ಹೆಸರು ಉದ್ದವಾದರೆ 20 ಅಕ್ಷರಕ್ಕೆ ಕತ್ತರಿಸಿ ಮೂರು ಚುಕ್ಕಿ ಹಾಕುವ ಕೋಡ್ ಎಲ್ಲಿಂದಲೋ ತಂದಿದ್ದೆ. ಇಂಗ್ಲಿಷಿನಲ್ಲಿ ಅದು ಸರಿ. ಕನ್ನಡದಲ್ಲಿ "ಸ್ತ್ರೀ" ಅನ್ನುವ ಒಂದೇ ಅಕ್ಷರವನ್ನು ಜಾವಾಸ್ಕ್ರಿಪ್ಟ್ ಆರು ಅಂತ ಎಣಿಸುತ್ತದೆ. ಕತ್ತರಿ ಬಿದ್ದರೆ ಒತ್ತಕ್ಷರದ ಮಧ್ಯಕ್ಕೇ ಬೀಳುತ್ತದೆ, ಪದ ಅಂಗವಿಲ್ಲದೆ ನಿಲ್ಲುತ್ತದೆ. ಕತ್ತರಿಸುವುದನ್ನೇ ಬಿಟ್ಟೆ. ಹೆಸರು ಎರಡು ಸಾಲಿಗೆ ಬಂದರೆ ಬರಲಿ. ಸಾಲುಗಳ ಮಧ್ಯೆ ಜಾಗವನ್ನೂ ಜಾಸ್ತಿ ಮಾಡಿದೆ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತಿತ್ತು.

ಪುಟ ಚೆನ್ನಾಗಿ ಕಾಣಲಿ ಅಂತ ನಾನು 60 ಪುಸ್ತಕಗಳ ಮುಖಪುಟದ ಫೋಟೊ ತೆಗೆದು ಹಾಕಿದ್ದೆ. ಫೋನಿನಲ್ಲಿ ತೆಗೆದದ್ದು, ಒಂದೊಂದೂ ಮೂರ್ನಾಲ್ಕು ಎಂಬಿ. ನನ್ನ ಲ್ಯಾಪ್‌ಟಾಪಿನಲ್ಲಿ ಚಕ್ ಅಂತ ಬರುತ್ತಿತ್ತು, ಫೈಲುಗಳೆಲ್ಲ ಅಲ್ಲೇ ಇದ್ದವಲ್ಲ. ಮೇಷ್ಟ್ರ ಫೋನಿನಲ್ಲಿ ಪುಟ ಅರ್ಧಕ್ಕೇ ನಿಂತಿತು. ಅವರು ಸುಮಾರು ಹೊತ್ತು ಕಾದು, ಕನ್ನಡಕ ತೆಗೆದು, ಹೇಳಿದರು: "ಪಟ ಯಾಕಮ್ಮ? ಪುಸ್ತಕ ಯಾವ ಬೀರುವಿನಲ್ಲಿದೆ ಅಂತ ಹೇಳಿದರೆ ಸಾಕು."

ಬೀರುವಿನ ನಂಬರನ್ನೇ ನಾನು ಹಾಕಿರಲಿಲ್ಲ! ಮೊದಲ ದಿನ ಅವರು ಮೊಣಕಾಲು ಹಿಡಿದುಕೊಂಡು ಹುಡುಕುತ್ತಿದ್ದದ್ದನ್ನು ಕಣ್ಣಾರೆ ನೋಡಿಯೂ ಹಾಕಿರಲಿಲ್ಲ. ಗ್ರಂಥಾಲಯ ಶಾಸ್ತ್ರದ ಎಸ್.ಆರ್. ರಂಗನಾಥನ್ ಅವರ ಬಗ್ಗೆ ಅವತ್ತು ಮೇಷ್ಟ್ರು ಹೇಳಿದರು. 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ಶಾಸ್ತ್ರದ ತರಬೇತಿ ಕೇಂದ್ರ ಶುರು ಮಾಡಿದವರು ಅವರೇ. 1931ರಲ್ಲೇ ಅವರು ಗ್ರಂಥಾಲಯಕ್ಕೆ ಐದು ಸೂತ್ರ ಕೊಟ್ಟಿದ್ದರು. ನಾಲ್ಕನೆಯದು, ಓದುಗರ ಸಮಯ ಉಳಿಸಿ ಅಂತ. ವೆಬ್ ಪುಟ ಬೇಗ ತೆರೆದುಕೊಳ್ಳಬೇಕು ಅನ್ನುವುದಕ್ಕೆ ನಾನು ಆಮೇಲೆ ಎಷ್ಟೋ ಲೇಖನ ಓದಿದ್ದೇನೆ. ಇದಕ್ಕಿಂತ ಚೆನ್ನಾಗಿ ಹೇಳಿದ್ದು ಎಲ್ಲೂ ಸಿಗಲಿಲ್ಲ. ಫೋಟೊ ಎಲ್ಲ ತೆಗೆದೆ. ಪುಸ್ತಕದ ಹೆಸರಿನ ಪಕ್ಕ ದಪ್ಪ ಅಕ್ಷರದಲ್ಲಿ "ಬೀರು 4, ಸಾಲು 2" ಅಂತ ಬರುವಂತೆ ಮಾಡಿದೆ. ಮೇಷ್ಟ್ರು ಅದನ್ನು ದಿನಾ ಬಳಸಲು ಶುರು ಮಾಡಿದ್ದು ಅಂದಿನಿಂದ.

ಇನ್ನು ನಾನು ಮಾಡಿದ ದೊಡ್ಡ ತಪ್ಪಿನ ಬಗ್ಗೆ. ಇದನ್ನು ಹೇಳದೆ ಹೋದರೆ ನಿಮಗೆ ಅನ್ಯಾಯ ಮಾಡಿದ ಹಾಗೆ.

ಎಕ್ಸೆಲ್ ಫೈಲಿನಲ್ಲಿ ಎರಡನೇ ಹಾಳೆ ಇತ್ತು. ಯಾರು ಯಾವ ಪುಸ್ತಕ ಒಯ್ದಿದ್ದಾರೆ, ಅವರ ಹೆಸರು, ಫೋನ್ ನಂಬರ್. ಪುಸ್ತಕ ಹೊರಗೆ ಹೋಗಿದೆಯಾ ಇಲ್ಲವಾ ಅಂತ ತೋರಿಸಲು ಅದೂ ಬೇಕಿತ್ತು. ನಾನು ಎರಡೂ ಹಾಳೆಯನ್ನು ಹಾಗೇ ಜೇಸನ್ ಮಾಡಿ ಗಿಟ್‌ಹಬ್‌ಗೆ ಏರಿಸಿದೆ. ಆಗ ಫ್ರೀ ಅಕೌಂಟಿನಲ್ಲಿ ಪ್ರೈವೇಟ್ ರೆಪೊ, ಅಂದರೆ ಬೇರೆಯವರಿಗೆ ಕಾಣದ ಪ್ರಾಜೆಕ್ಟ್ ಫೋಲ್ಡರ್, ಸಿಗುತ್ತಿರಲಿಲ್ಲ, ಅದು ಬಂದದ್ದು 2019ರ ಜನವರಿಯಲ್ಲಿ. ಪುಟದ ಮೇಲೆ ಫೋನ್ ನಂಬರ್ ಕಾಣುವುದಿಲ್ಲವಲ್ಲ ಅಂತ ನನ್ನ ಲೆಕ್ಕ. ಆದರೆ ಪುಟಕ್ಕೆ ಬಂದ ಫೈಲು ಬ್ರೌಸರಿಗೆ ಬಂದೇ ಬಂದಿರುತ್ತದೆ, ಯಾರು ಬೇಕಾದರೂ ತೆರೆದು ನೋಡಬಹುದು. ಹನ್ನೊಂದು ದಿನದ ಮೇಲೆ ನನ್ನ ಗೆಳತಿ ನೋಡಿ ಹೇಳಿದಳು. ಅದರಲ್ಲಿ ಅವಳ ಅಮ್ಮನ ನಂಬರೂ ಇತ್ತು.

ಕೈಕಾಲು ತಣ್ಣಗಾದವು. ತಕ್ಷಣ ಆ ಫೈಲು ಅಳಿಸಿ ಹೊಸ ಕಮಿಟ್, ಅಂದರೆ ಬದಲಾವಣೆಯ ದಾಖಲೆ, ಹಾಕಿದೆ. ಮುಗಿಯಿತು ಅಂದುಕೊಂಡೆ. ಗೆಳತಿ ಹಳೇ ಕಮಿಟ್ ಒತ್ತಿ ತೋರಿಸಿದಳು. ಎಲ್ಲ ನಂಬರೂ ಅಲ್ಲೇ ಇದ್ದವು. ಗಿಟ್‌ಹಬ್‌ನ ಹಿಂದೆ ಕೆಲಸ ಮಾಡುವ ಗಿಟ್ ಅನ್ನುವ ಸಾಫ್ಟ್‌ವೇರ್ ಇರುವುದೇ ಹಳೆಯದನ್ನು ನೆನಪಿಡುವುದಕ್ಕೆ. ಈಗ ಅಳಿಸಿದರೆ ನಿನ್ನೆಯದು ಅಳಿಯುವುದಿಲ್ಲ. ಕೊನೆಗೆ ಇಡೀ ರೆಪೊ ಕಿತ್ತುಹಾಕಿ ಹೊಸದಾಗಿ ಶುರು ಮಾಡಿದೆ. ಅಷ್ಟರಲ್ಲಿ ಯಾರಾದರೂ ಅದನ್ನು ಇಳಿಸಿಕೊಂಡಿದ್ದರೆ, ಅದಕ್ಕೆ ನಾನು ಏನೂ ಮಾಡುವ ಹಾಗಿರಲಿಲ್ಲ. ಮೇಷ್ಟ್ರ ಹತ್ತಿರ ಹೋಗಿ ಇದ್ದದ್ದು ಇದ್ದಂಗೆ ಹೇಳಿದೆ. ಅವರು ಬೈಯಲಿಲ್ಲ. ಪಟ್ಟಿ ಹಿಡಿದುಕೊಂಡು ಕೂತು ಅಷ್ಟೂ ಜನಕ್ಕೆ ತಾವೇ ಫೋನ್ ಮಾಡಿ, ನಿಮ್ಮ ನಂಬರ್ ಇಷ್ಟು ದಿನ ಇಂಟರ್‌ನೆಟ್ಟಿನಲ್ಲಿ ಇತ್ತು, ನಮ್ಮಿಂದ ತಪ್ಪಾಗಿದೆ ಅಂತ ತಿಳಿಸಿದರು. ಮೂರು ಸಂಜೆ ಬೇಕಾಯಿತು. ನಾನು ಪಕ್ಕದಲ್ಲೇ ಕೂತಿದ್ದೆ.

2023ರಲ್ಲಿ ನಮ್ಮ ದೇಶದಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾನೂನು ಬಂತು. ಇವತ್ತು ಕಂಪನಿಗಳಲ್ಲಿ ಅದರ ಬಗ್ಗೆ ದೊಡ್ಡ ದೊಡ್ಡ ತರಬೇತಿ ನಡೆಯುತ್ತವೆ. ನನಗೆ ಆ ಮೂರು ಸಂಜೆಯೇ ತರಬೇತಿ. ಯಾರದೇ ಹೆಸರು, ನಂಬರ್ ಇರುವ ಫೈಲನ್ನು ಮುಟ್ಟುವ ಮೊದಲು ಇವತ್ತಿಗೂ ಒಂದು ಕ್ಷಣ ನಿಲ್ಲುತ್ತೇನೆ. ಪ್ರಾಜೆಕ್ಟ್ ಮಾಡುವಾಗ ಜನರ ಮಾಹಿತಿ ಬೇಕಾದರೆ ಸುಳ್ಳು ಹೆಸರು, ಸುಳ್ಳು ನಂಬರ್ ಹಾಕಿ ಮಾಡಿ. ಪಾಸ್‌ವರ್ಡು, ಬೇರೆಯವರ ಸೇವೆ ಬಳಸಲು ಕೊಡುವ ಗುಟ್ಟಿನ ಎಪಿಐ ಕೀ, ಇವೂ ರೆಪೊಗೆ ಹೋಗಕೂಡದು. ಏನೇನು ರೆಪೊಗೆ ಹೋಗಬಾರದು ಅಂತ ಹೇಳುವ ಗಿಟ್‌ಇಗ್ನೋರ್ ಫೈಲನ್ನು ಮೊದಲ ಕಮಿಟ್‌ಗಿಂತ ಮುಂಚೆಯೇ ಬರೆಯಿರಿ.

ಕೆಲಸ ಹೇಗೆ ಸಿಕ್ಕಿತು ಅಂತ ಕೇಳುತ್ತೀರಿ, ಹೇಳುತ್ತೇನೆ. ನನ್ನ ರೆಸ್ಯೂಮೆಯಲ್ಲಿ ನಾಲ್ಕು ಪ್ರಾಜೆಕ್ಟ್ ಇದ್ದವು. ಸಂದರ್ಶನ ಮಾಡಿದವರು ಲೈಬ್ರರಿಯ ಲಿಂಕನ್ನು ತಮ್ಮ ಫೋನಿನಲ್ಲೇ ತೆರೆದರು. ಏನೋ ಒಂದು ಹುಡುಕಿದರು. ಈ ಒಂದು ಸಾಲು ಯಾಕಿದೆ ಅಂತ ನಾರ್ಮಲೈಸ್ ತೋರಿಸಿ ಕೇಳಿದರು. ನಾನು ಕೊಡಗಿನ ಕಥೆ ಹೇಳಿದೆ. ಕಮಿಟ್‌ಗಳ ಪಟ್ಟಿ ಕೆಳಗಿನಿಂದ ಮೇಲಕ್ಕೆ ಓದಿದರು. ಫೋಟೊ ಹಾಕಿ ಆಮೇಲೆ ತೆಗೆದಿದ್ದೀರಲ್ಲ, ಯಾಕೆ ಅಂದರು. ಅದನ್ನೂ ಹೇಳಿದೆ. ಫೋನ್ ನಂಬರಿನ ವಿಷಯ ಅವರು ಕೇಳಿರಲಿಲ್ಲ, ನಾನೇ ಹೇಳಿದೆ. ಮುಕ್ಕಾಲು ಗಂಟೆ ಇದೇ ಮಾತಾಯಿತು. ಉಳಿದ ಮೂರು ಪ್ರಾಜೆಕ್ಟಿನ ಲಿಂಕ್ ಅವರು ಒತ್ತಲೇ ಇಲ್ಲ.

ಈಗ ನಾನೂ ಸಂದರ್ಶನ ಮಾಡುತ್ತೇನೆ. ಒಂದೇ ವಿಡಿಯೊ ನೋಡಿ ಮಾಡಿದ ಒಂದೇ ಬಣ್ಣದ ಪುಟಗಳು ಎಷ್ಟೋ ಬರುತ್ತವೆ. ಮಾಡಿದವರು ಕಷ್ಟಪಟ್ಟಿಲ್ಲ ಅಂತಲ್ಲ. ಆದರೆ "ಇದನ್ನ ಹೀಗೇ ಯಾಕೆ ಮಾಡಿದಿರಿ?" ಅಂದರೆ ಹೇಳುವುದಕ್ಕೆ ಅವರ ಹತ್ತಿರ ಏನೂ ಇರುವುದಿಲ್ಲ, ಯಾಕೆಂದರೆ ನಿರ್ಧಾರ ಅವರದಲ್ಲ. ಪ್ರಾಜೆಕ್ಟಿನ ಪರಿಚಯ ಬರೆಯುವ ರೀಡ್‌ಮಿ ಫೈಲಿನಲ್ಲಿ ಇದು ಯಾರಿಗೆ, ಯಾವ ತೊಂದರೆಗೆ ಮಾಡಿದ್ದು, ಏನು ಇನ್ನೂ ಸರಿಯಾಗಿಲ್ಲ ಅಂತ ನಾಲ್ಕು ಸಾಲು ಬರೆದಿದ್ದರೆ ನಾನು ಆ ಅರ್ಜಿಯನ್ನು ಮೆಚ್ಚಿ, ಆರಿಸಿ ತೆಗೆದಿಡುತ್ತೇನೆ.

ಒಂದು ಹಳೇ ಸಂಗತಿ ನೆನಪಾಗುತ್ತದೆ. ಟಿಮ್ ಬರ್ನರ್ಸ್-ಲೀ 1989ರಲ್ಲಿ ಸ್ವಿಟ್ಜರ್ಲೆಂಡಿನ ಸರ್ನ್ ಸಂಶೋಧನಾ ಕೇಂದ್ರದಲ್ಲಿ ವೆಬ್‌ನ ಯೋಜನೆ ಬರೆದರು. ಅದು ಅಲ್ಲಿನವರ ಕೈಗೆ ಬಂದಾಗ ಅವರಿಗೆ ಮೊದಲು ಉಪಯೋಗಕ್ಕೆ ಬಿದ್ದದ್ದು ಯಾವುದು ಗೊತ್ತಾ? ಸರ್ನ್‌ನ ಟೆಲಿಫೋನ್ ಡೈರೆಕ್ಟರಿ. ಅಲ್ಲಿಯವರೆಗೆ ಒಂದು ನಂಬರಿಗೂ ದೊಡ್ಡ ಕಂಪ್ಯೂಟರಿಗೆ ಲಾಗಿನ್ ಆಗಬೇಕಿತ್ತು. ವೆಬ್‌ನಲ್ಲಿ ಹಾಕಿದ ಮೇಲೆ ಸುಲಭವಾಯಿತು, ಜನ ಬಳಸಲು ಶುರು ಮಾಡಿದರು. ಗಿಟ್ ಕೂಡ ಹಾಗೇ. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ಬರೆಯುವ ತಂಡ ಬಳಸುತ್ತಿದ್ದ ಸಾಫ್ಟ್‌ವೇರ್ ಪುಕ್ಕಟೆ ಸಿಗುವುದು ನಿಂತಾಗ, 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ತಮ್ಮ ಕೆಲಸ ನಿಲ್ಲದಿರಲಿ ಅಂತ ಬರೆದದ್ದು ಅದು. ಇವತ್ತು ನಾವೆಲ್ಲ ಬಳಸುವ ಎರಡೂ ವಸ್ತು ಯಾರದೋ ಮುಂದಿದ್ದ ತೊಂದರೆಯಿಂದ ಹುಟ್ಟಿದವು.

ಎಐ ಬಗ್ಗೆ ಎರಡು ಮಾತು. ಇವತ್ತು ಚಾಟ್‌ಜಿಪಿಟಿಗೆ ಲೈಬ್ರರಿ ವೆಬ್‌ಸೈಟ್ ಬೇಕು ಅಂದರೆ ಒಂದು ನಿಮಿಷದಲ್ಲಿ ಬರೆದುಕೊಡುತ್ತದೆ. ಬಳಸಬೇಡಿ ಅಂತ ನಾನು ಹೇಳುವುದಿಲ್ಲ, ನಾನೂ ಬಳಸುತ್ತೇನೆ. ಅರ್ಥವಾಗದ ಸಾಲನ್ನು ಬಿಡಿಸಿ ಹೇಳು ಅಂತ ಕೇಳುವುದಕ್ಕೆ ಅದು ಒಳ್ಳೇ ಜೊತೆ. ಆದರೆ ಮೇಷ್ಟ್ರಿಗೆ ಮೊಣಕಾಲು ನೋವು, ಅವರಿಗೆ ಬೇಕಾದದ್ದು ಬೀರುವಿನ ನಂಬರ್ ಅನ್ನುವುದು ಅಲ್ಲಿಗೆ ಹೋಗಿ ಕೂತವರಿಗೆ ಮಾತ್ರ ಗೊತ್ತಾಗುತ್ತದೆ. ಇನ್ನೊಂದು, ನಿಮಗೆ ಬಿಡಿಸಿ ಹೇಳಲಾಗದ ಒಂದೇ ಒಂದು ಸಾಲನ್ನೂ ಪ್ರಾಜೆಕ್ಟಿನಲ್ಲಿ ಉಳಿಸಿಕೊಳ್ಳಬೇಡಿ. ಕಲಿಯುವ ಕಾಲದಲ್ಲಿ ಇಷ್ಟು ಕಟ್ಟುನಿಟ್ಟು ಬೇಕು.

ಕಲಿಯುವ ಜಾಗಗಳ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ. ಫ್ರೀಕೋಡ್‌ಕ್ಯಾಂಪ್ ಇದೆ, ದಿ ಓಡಿನ್ ಪ್ರಾಜೆಕ್ಟ್ ಇದೆ, ಏನಾದರೂ ಸಂಶಯ ಬಂದರೆ ತೆರೆದು ನೋಡಲು ಎಂಡಿಎನ್ ಅನ್ನುವ ಕೈಪಿಡಿಯಂಥ ತಾಣ ಇದೆ. ಮೂರೂ ಪುಕ್ಕಟೆ. ಒಂದನ್ನು ಹಿಡಿದು ಎಚ್‌ಟಿಎಂಎಲ್, ಪುಟದ ಅಂದ ನೋಡಿಕೊಳ್ಳುವ ಸಿಎಸ್‌ಎಸ್, ಒಂದಿಷ್ಟು ಜಾವಾಸ್ಕ್ರಿಪ್ಟ್ ಬಂದ ತಕ್ಷಣ ಎದ್ದು ಯಾರಾದರೂ ಒಬ್ಬರ ಹತ್ತಿರ ಹೋಗಿ. ಪೂರ್ತಿ ಕಲಿತು ಮುಗಿಸಿ ಹೋಗುತ್ತೇನೆ ಅಂತ ಕೂತರೆ ಹೋಗುವುದೇ ಇಲ್ಲ.

ಇಷ್ಟು ಹೇಳಿ ಪ್ರಶ್ನೆಗಳಿಗೆ ಬಿಟ್ಟೆ. ಸಂಬಳ ಎಷ್ಟು, ಯಾವ ಫ್ರೇಮ್‌ವರ್ಕ್, ಅಂತ ಕೆಲವು ಪ್ರಶ್ನೆ ಬಂದವು. ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು.

"ಮೇಡಂ, ನಮ್ಮೂರಲ್ಲಿ ಲೈಬ್ರರಿ ಇಲ್ಲ. ನಾನು ಯಾರಿಗೆ ಮಾಡಲಿ?"

"ಮನೇಲಿ ಯಾರು ಏನು ಮಾಡ್ತಾರಮ್ಮ?"

"ಅಪ್ಪ ಗಾರೆ ಕೆಲಸ. ಅಮ್ಮ ಮನೇಲೇ ಟೈಲರಿಂಗ್ ಮಾಡ್ತಾರೆ, ಬ್ಲೌಸ್ ಹೊಲೀತಾರೆ."

"ಅಳತೆ ಎಲ್ಲಿ ಬರ್ಕೋತಾರೆ?"

"ಒಂದು ನೋಟ್‌ಬುಕ್ ಇದೆ."

ಅವಳನ್ನು ಮುಂದೆ ಕರೆದು, ಬೋರ್ಡಿನ ಮೇಲೆ ಆ ನೋಟ್‌ಬುಕ್ಕಿನ ಒಂದು ಪುಟವನ್ನು ಹೇಗಿದೆಯೋ ಹಾಗೇ ಬರೆದು ತೋರಿಸು ಅಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ ಬರೆಯಲು ಶುರು ಮಾಡಿದಳು. ಹೆಸರು. ಉದ್ದ, ಎದೆ, ಸೊಂಟ, ಭುಜ, ತೋಳು. ಪುಟದ ಮೇಲ್ತುದಿಯಲ್ಲಿ ಒಂದು ತಾರೀಖು ಬರೆದು ಅದರ ಸುತ್ತ ದೊಡ್ಡದಾಗಿ ಸುತ್ತು ಹಾಕಿದಳು.

"ಅದೇನು?"

"ಕೊಡೋ ದಿನ ಮೇಡಂ. ಅಮ್ಮ ಬೆಳಿಗ್ಗೆ ಎದ್ದು ಪುಸ್ತಕ ತೆಗೆದರೆ ಮೊದಲು ನೋಡೋದು ಅದನ್ನೇ. ಇವತ್ತು ಯಾರ್ಯಾರದು ಕೊಡಬೇಕು ಅಂತ."

ಹಾಗಾದರೆ ನಿನ್ನ ಪುಟ ತೆರೆದ ತಕ್ಷಣ ಏನು ಕಾಣಬೇಕು ಅಂತ ಕೇಳಿದೆ. ಇವತ್ತು ಕೊಡಬೇಕಾದವರ ಹೆಸರು ಅಂದಳು. ಮುಂದಿನ ಸಾಲಿನಲ್ಲಿದ್ದ ಒಬ್ಬಳು, ಒಬ್ಬರೇ ಮತ್ತೆ ಬ್ಲೌಸ್ ಕೊಟ್ಟರೆ ಅಳತೆ ಮತ್ತೆ ಬರೀತಾರಾ ಅಂತ ಕೇಳಿದಳು. "ಇಲ್ಲ, ಹಳೇ ಪುಟ ಹುಡುಕ್ತಾರೆ. ಸಿಗದಿದ್ದರೆ ಮತ್ತೆ ಅಳತೆ ತಗೋತಾರೆ. ದಪ್ಪ ಆಗಿದ್ರೆ ಹಳೇದು ಹೊಡೆದು ಪಕ್ಕದಲ್ಲೇ ಬರೀತಾರೆ."

ಅವಳು ಅಷ್ಟು ಹೇಳಿ ಬೋರ್ಡಿನ ಕಡೆ ತಿರುಗಿದಳು. ಹೆಸರು ಮತ್ತು ಅಳತೆಗಳ ಮಧ್ಯೆ ಚಾಕ್‌ಪೀಸಿನಿಂದ ಒಂದು ಉದ್ದ ಗೆರೆ ಎಳೆದಳು. "ಹಂಗಾದ್ರೆ ಇವು ಎರಡು ಬೇರೆ ಬೇರೆ ಟೇಬಲ್ ಆಗಬೇಕು ಅಲ್ವಾ ಮೇಡಂ?" ಅಂತ ಕೇಳಿದಳು. ಕೊಡೋ ದಿನ ಯಾವ ಕಡೆ ಬರುತ್ತೆ ಅಂತ ಕೇಳಿದೆ. ಅವಳು ಎರಡೂ ಕಡೆ ನೋಡಿದಳು. ಕೊನೆಗೆ ಬಲಗಡೆ ಮೂರನೆಯ ಗೆರೆ ಎಳೆದು, ಮೇಲೆ "ಆರ್ಡರ್" ಅಂತ ಬರೆದು, ಸುತ್ತು ಹಾಕಿದ ತಾರೀಖನ್ನು ಅದರ ಕೆಳಗೆ ಮತ್ತೆ ಬರೆದಳು.